ಅರ್ಧ ನೂಲಿನ ಗಡಗಡ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಸೊಂಟದೆತ್ತರದ ತಂತಿ ಬೇಲಿ. ಡೆಟ್ರಾಯ್ಟ್ ಊರಾಚೆಯ ಈ ಬೀದಿಗೆ ಬಂದು ಒಂಬತ್ತು ವರ್ಷವಾದರೂ ಆ ಬೇಲಿಯ ಮೇಲಿಂದ ನಾನು ಆಡಿದ ಮಾತನ್ನೆಲ್ಲ ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆಯಬಹುದು: ಹಾಯ್, ಹಿಮ ಜೋರು, ಬಾಯ್. ಏಪ್ರಿಲ್‌ನಲ್ಲಿ ಶಿವಮೊಗ್ಗದಿಂದ ಅಪ್ಪಯ್ಯ, ಅಮ್ಮ ಬಂದರು. ಬಂದ ಮೂರನೇ ದಿನ ಕಿಟಕಿಯಿಂದ ನೋಡುತ್ತೇನೆ, ಅಪ್ಪಯ್ಯ ಬೇಲಿಗೆ ಎರಡೂ ಮೊಣಕೈ ಊರಿ ನಿಂತಿದ್ದಾರೆ. ಆಚೆ ಕಡೆ ಪಕ್ಕದ ಮನೆ ಅಜ್ಜ, ಅದೇ ಭಂಗಿ. ಅಪ್ಪಯ್ಯನಿಗೆ ಬರುವ ಇಂಗ್ಲಿಷ್ ಅಂದರೆ ಅಂಕಿಗಳು ಮತ್ತು 'ವೆರಿ ಗುಡ್'. ಅಜ್ಜನಿಗೆ ಕನ್ನಡ ಸೊನ್ನೆ. ಆದರೂ ಮುಕ್ಕಾಲು ಗಂಟೆ ಮಾತಾಡಿದರು.

"ಎಂತ ಅಪ್ಪಯ್ಯ ಅಷ್ಟೊತ್ತು?" ಅಂದೆ.

"ಮರದ್ದು," ಅಂದರು.

ಅಪ್ಪಯ್ಯ ಮೂವತ್ತನಾಲ್ಕು ವರ್ಷ ಸಾಮಿಲ್ಲಿನಲ್ಲಿ ರೈಟರಾಗಿದ್ದವರು. ದಿಮ್ಮಿ ಬಂದರೆ ಸುತ್ತಳತೆ ಹಿಡಿದು, ನಾಲ್ಕರಲ್ಲಿ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, ಇಷ್ಟು ಸಿಎಫ್‌ಟಿ, ಅಂದರೆ ಘನ ಅಡಿ, ಅಂತ ಬಾಯಲ್ಲೇ ಲೆಕ್ಕ ಮುಗಿಸಿ ಪುಸ್ತಕಕ್ಕೆ ಬರೆಯುವ ಕೆಲಸ. ಆ ಕೆಲಸದಿಂದ ಅವರಿಗೆ ಉಳಿದದ್ದು ಕಿವಿ ಮೇಲಿನ ಪೆನ್ಸಿಲ್ಲು, ಮರ ಕಂಡರೆ ಸವರಿ ನೋಡುವ ಕೈ, ಮತ್ತು ಮಿಲ್ಲಿನ ಹೊಟ್ಟಿನ ನಡುವೆ ಹತ್ತಿದ ನಶ್ಯದ ಚಟ. ಆ ಕೊನೆಯದನ್ನು ಬಿಟ್ಟು ಎರಡು ವರ್ಷವಾಯಿತು ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಾಳೆ. ಅಜ್ಜನೋ, ಕಾರು ಕಾರ್ಖಾನೆಯ ಟೂಲ್ ರೂಮಿನಲ್ಲಿ ಇಂಚಿನ ಸಾವಿರದ ಒಂದು ಪಾಲಿಗಾಗಿ ಜೀವ ತೇದವರು. ಆವತ್ತು ಇಬ್ಬರೂ ಸೇರಿ ನಮ್ಮ ಹಿತ್ತಲ ಮೇಪಲ್ ಮರಕ್ಕೆ ಟೇಪು ಸುತ್ತಿ, ಅದನ್ನು ಕಡಿದರೆ ಎಷ್ಟು ಸಿಎಫ್‌ಟಿ ಆದೀತು ಅಂತ ನೆಲದ ಮೇಲೆ ಕಡ್ಡಿಯಲ್ಲಿ ಬರೆದಿದ್ದರು. ಕಡಿಯುವ ಉದ್ದೇಶ ಯಾರಿಗೂ ಇರಲಿಲ್ಲ, ಮರಕ್ಕೆ ಮಾತ್ರ ಅದು ಗೊತ್ತಿರಲಿಲ್ಲ.

ನಮ್ಮಲ್ಲಿ ಮೆಟ್ರಿಕ್ ಅಳತೆಯ ಕಾನೂನು ಆದದ್ದು 1956ರಲ್ಲಿ. ಆಣೆ ಹೋಯಿತು, ಸೇರು ಹೋಯಿತು, ಮೈಲಿ ಹೋಯಿತು. ಬಡಗಿಯ ಬಾಯಿಂದ ಇಂಚು ಮಾತ್ರ ಹೋಗಲಿಲ್ಲ. ಇವತ್ತಿಗೂ ಪ್ಲೈವುಡ್ ಅಂಗಡಿಯಲ್ಲಿ ಕೇಳಿದರೆ ಸಿಗುವುದು ಎಂಟು-ನಾಲ್ಕರ ಶೀಟು, ಅಂದರೆ ಅಡಿ. ದಪ್ಪ ಮಾತ್ರ ಹದಿನೆಂಟು ಎಂಎಂ. ಉದ್ದಗಲ ಬ್ರಿಟಿಷರದ್ದು, ದಪ್ಪ ಫ್ರೆಂಚರದ್ದು. ಅಮೆರಿಕದಲ್ಲೂ ಅದೇ ಶೀಟು, ಹೆಸರು ಮಾತ್ರ ತಿರುಗುಮುರುಗಾಗಿ ನಾಲ್ಕು-ಎಂಟು. ನಮ್ಮ ಬಡಗಿಗಳು ಒಂದು ಇಂಚಿಗೆ ಎಂಟು ನೂಲು ಅನ್ನುತ್ತಾರೆ, ಇಲ್ಲಿಯ ಟೇಪಿನಲ್ಲಿ ಇಂಚಿಗೆ ಹದಿನಾರು ಗೆರೆ. 'ನೂಲಿಗೆ ಎರಡು ಗೆರೆ' ಎಂದು ಅಪ್ಪಯ್ಯ ನಿಂತ ನಿಲುವಿನಲ್ಲೇ ಹೊಂದಿಸಿಕೊಂಡರು. ಹಾಗಾಗಿ ಈ ಬೇಲಿಯ ಆಸುಪಾಸಿನಲ್ಲಿ ಅಳತೆಯ ಭಾಷೆ ಬಾರದವನು ಒಬ್ಬನೇ, ಮಿಲಿಮೀಟರಿನಲ್ಲಿ ಕಲಿತು ಕಂಪ್ಯೂಟರಿನಲ್ಲಿ ಗೆರೆ ಎಳೆಯುವ ಎಂಜಿನಿಯರು. ನಾನು.

ಇಷ್ಟೆಲ್ಲ ಪೀಠಿಕೆ ನನ್ನ ಟ್ರಕ್ಕಿನ ಕಥೆ ಹೇಳುವುದಕ್ಕೆ. ಫೋರ್ಡ್ ಮ್ಯಾವೆರಿಕ್, 2022ರ ಮಾದರಿ. ಪಿಕಪ್ಪುಗಳ ದೇಶದಲ್ಲಿ ಇದು ಚಿಕ್ಕದು, 'ಕಾಂಪ್ಯಾಕ್ಟ್' ಅನ್ನುತ್ತಾರೆ. ಈ ಚಿಕ್ಕದರ ಉದ್ದ ಹದಿನಾರೂವರೆ ಅಡಿ ದಾಟುತ್ತದೆ. ಅಪ್ಪಯ್ಯ ಮೊದಲ ದಿನವೇ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದು ಚಿಕ್ಕದಾದರೆ ನಮ್ಮ ಚೋಟಾ ಹಾಥಿಗೆ ಎಂತ ಅಂತಾರೆ ಮಾರಾಯ, ಆಟದ ಸಾಮಾನಾ?" ಎಂದರು. ಅವರು ಹೇಳಿದ್ದು ಟಾಟಾ ಏಸ್ ಬಗ್ಗೆ. 2005ರಲ್ಲಿ ಬಂದು ನಮ್ಮೂರುಗಳ ತರಕಾರಿ, ಇಟ್ಟಿಗೆ, ಮದುವೆ ಶಾಮಿಯಾನ, ಬಾಡಿಗೆ ಮನೆಯ ಗಂಟುಮೂಟೆ ಎಲ್ಲ ಹೊತ್ತ ಗಾಡಿ. ಅದರ ಒಟ್ಟು ಉದ್ದ ಹನ್ನೆರಡೂವರೆ ಅಡಿ. ಆದರೆ ಅದರಲ್ಲಿ ಹಿಂದಿನ ತೊಟ್ಟಿಯೇ ಏಳು ಅಡಿಗೆ ಮೇಲೆ. ಅದಕ್ಕಿಂತ ನಾಲ್ಕು ಅಡಿ ಉದ್ದವಿರುವ ನನ್ನ ಗಾಡಿಗೆ ತೊಟ್ಟಿ ನಾಲ್ಕೂವರೆ ಅಡಿ. ಉಳಿದದ್ದು ಮೂತಿ ಮತ್ತು ಐದು ಜನ ಕಾಲು ಚಾಚಿ ಕೂರುವ ಕ್ಯಾಬಿನ್ನು. "ದೊಡ್ಡ ಹೊಟ್ಟೆ, ಸಣ್ಣ ಚೀಲ," ಅಂದರು ಅಪ್ಪಯ್ಯ. ಗಾಡಿಗೆ ಹೇಳಿದರೋ ನನಗೋ ಸ್ಪಷ್ಟವಾಗಲಿಲ್ಲ.

ತೊಟ್ಟಿಗೆ ಇಲ್ಲಿಯವರು 'ಬೆಡ್' ಅನ್ನುತ್ತಾರೆ. ಅದನ್ನು ಅನುವಾದ ಮಾಡಿ ಹೇಳಿದ್ದು ನನ್ನ ತಪ್ಪು. ಆಮೇಲೆ ಇಡೀ ಬೇಸಿಗೆ ಅಪ್ಪಯ್ಯ ಅದನ್ನು ಹಾಸಿಗೆ ಅಂತಲೇ ಕರೆದರು. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆ ಇದೆಯಲ್ಲ, ಅಳೆದು ನೋಡುವ" ಅಂದವರು ಟೇಪು ಕೇಳಲಿಲ್ಲ. ಗೇಣು ಹಾಕಿದರು. ಕ್ಯಾಬಿನ್ನಿನ ಗೋಡೆಯಿಂದ ಹಿಂಬಾಗಿಲಿನವರೆಗೆ ಹೆಬ್ಬೆರಳು, ಕಿರುಬೆರಳು, ಮತ್ತೆ ಹೆಬ್ಬೆರಳು. "ಆರು ಗೇಣು. ಅಂದರೆ ಮೂರು ಮೊಳ." ಚಕ್ರದ ಮೇಲೆ ಒಳಕ್ಕೆ ಉಬ್ಬಿಕೊಂಡ ಎರಡು ಗುಡ್ಡೆಗಳ ನಡುವೆ, "ನಾಲ್ಕು ಗೇಣು ಒಂದು ಚೋಟು." ನಾನು ಒಳಗೆ ಹೋಗಿ ಕಂಪನಿಯ ಪುಸ್ತಿಕೆ ತಂದು ತೆರೆದೆ. ಉದ್ದ 54.4 ಇಂಚು, ಗುಡ್ಡೆಗಳ ನಡುವೆ 42.6 ಇಂಚು. ಅವರ ಗೇಣು ಒಂಬತ್ತು ಇಂಚು, ಚೋಟು ಆರು. ಗುಣಿಸಿ ನೋಡಿ. ಬೇಲಿಯಾಚೆ ಅಜ್ಜ ತಮ್ಮ ಕೈ ಅಗಲಿಸಿ ಅಪ್ಪಯ್ಯನ ಕೈಗೆ ತಾಗಿಸಿ ನೋಡಿ, ಅರ್ಧ ಇಂಚು ಹೆಚ್ಚಿದೆ ಅಂತ ಬೇಜಾರು ಮಾಡಿಕೊಂಡರು.

ಆದರೂ ಗಾಡಿ ತೊಟ್ಟಿಯ ಅಳತೆ ಅನ್ನುವುದು ಟೇಪನ್ನು ಎಲ್ಲಿ ಹಿಡಿಯುತ್ತೀರಿ ಅನ್ನುವುದರ ಮೇಲೆ ನಿಂತದ್ದು. ನೆಲದಲ್ಲಿ ಗುಡ್ಡೆಗಳ ನಡುವೆ 42.6 ಇಂಚು, ಗುಡ್ಡೆ ತಪ್ಪಿಸಿ ಹಿಡಿದರೆ 53.3. ಹಿಂಬಾಗಿಲು ಮುಚ್ಚಿದರೆ ನಾಲ್ಕೂವರೆ ಅಡಿ, ಬೀಳಿಸಿದರೆ ಆರು ಅಡಿ. ನಾಲ್ಕು ಅಡಿ ಅಗಲದ ಪ್ಲೈವುಡ್ ಶೀಟು 48 ಇಂಚು, ಹಾಗಾಗಿ ಅದು ನೆಲಕ್ಕೆ ಇಳಿಯುವುದೇ ಇಲ್ಲ, ಗುಡ್ಡೆಗಳ ಮೇಲೆ ಕೂರುತ್ತದೆ. ಕೂತರೆ ಹಿಂದುಗಡೆ ಜೋತು ಬೀಳಬೇಕಲ್ಲ? ಅದಕ್ಕೆ ಈ ಗಾಡಿಯ ಹಿಂಬಾಗಿಲನ್ನು ಅರ್ಧಕ್ಕೆ ನಿಲ್ಲಿಸುವ ಹಾಗೆ ಮಾಡಿದ್ದಾರೆ. ಅರ್ಧ ತೆರೆದ ಬಾಗಿಲಿನ ಅಂಚೂ ಗುಡ್ಡೆಗಳ ನೆತ್ತಿಯೂ ಒಂದೇ ಮಟ್ಟಕ್ಕೆ ಬಂದು ಶೀಟು ಮಟ್ಟಸವಾಗಿ ಮಲಗುತ್ತದೆ. ಯಾರೋ ಒಬ್ಬ ಪುಣ್ಯಾತ್ಮ ಪ್ಲೈವುಡ್ ಹೊತ್ತು ಬೆನ್ನು ನೋಯಿಸಿಕೊಂಡವನೇ ಇದನ್ನು ವಿನ್ಯಾಸ ಮಾಡಿರಬೇಕು. ಏಸಿಗೆ ಈ ಕಸರತ್ತೇ ಬೇಡ. ಅದರ ತೊಟ್ಟಿ ಚಕ್ರದ ಮೇಲೆಯೇ ಕೂತಿದೆ, ಗುಡ್ಡೆಯಿಲ್ಲ. ಸುಮಾರು ಐದು ಅಡಿ ಅಗಲ. ಇದನ್ನು ಅಜ್ಜನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, "ಅದು ಇಲ್ಲಿ ಯಾಕೆ ಸಿಗಲ್ಲ?" ಅಂದರು.

ಅದಕ್ಕೆ ಉತ್ತರವಾಗಿ ಕೋಳಿಯ ಕಥೆ ಹೇಳಬೇಕಾಯಿತು. ಅರವತ್ತರ ದಶಕದ ಆರಂಭದಲ್ಲಿ ಅಮೆರಿಕದ ಅಗ್ಗದ ಕೋಳಿ ಯುರೋಪಿಗೆ ನುಗ್ಗಿತು. ಅಲ್ಲಿಯವರು ಸುಂಕ ಹಾಕಿದರು. ಸಿಟ್ಟಿಗೆದ್ದ ಅಧ್ಯಕ್ಷ ಜಾನ್ಸನ್ 1963ರ ಡಿಸೆಂಬರಿನಲ್ಲಿ ಆಲೂಗಡ್ಡೆ ಗಂಜಿಪುಡಿ, ಡೆಕ್‌ಸ್ಟ್ರಿನ್, ಬ್ರಾಂಡಿ ಮತ್ತು ಸಣ್ಣ ಟ್ರಕ್ಕುಗಳ ಮೇಲೆ ಶೇಕಡ 25 ಸುಂಕ ಹೇರಿದರು. ಮಿಕ್ಕವುಗಳ ಮೇಲಿನದು ಕಾಲಕ್ರಮದಲ್ಲಿ ಹೋಯಿತು, ಟ್ರಕ್ಕಿನ ಮೇಲಿನದು ಉಳಿಯಿತು. ಇಂದಿಗೂ ಅದರ ಅಡ್ಡಹೆಸರು ಕೋಳಿ ತೆರಿಗೆ. ಹೊರಗಿನ ಚಿಕ್ಕ ಟ್ರಕ್ಕುಗಳು ಈ ದೇಶದಲ್ಲಿ ಅಪರೂಪವಾದದ್ದಕ್ಕೆ ಇದೂ ಒಂದು ಕಾರಣ.

"ಕೋಳಿ ಜಗಳಕ್ಕೆ ಗಾಡಿ ಮೇಲೆ ದಂಡವಾ? ನಮ್ಮ ಊರ ಪಂಚಾಯ್ತಿ ವಾಸಿ!" ಅಂದರು ಅಪ್ಪಯ್ಯ.

ತಪ್ಪಿಸಿಕೊಳ್ಳುವ ದಾರಿಗಳೂ ಪಂಚಾಯ್ತಿ ಮಟ್ಟದವೇ. ಎಪ್ಪತ್ತರ ದಶಕದಲ್ಲಿ ಜಪಾನಿನಿಂದ ಬರುತ್ತಿದ್ದ ಪಿಕಪ್ಪುಗಳು ತೊಟ್ಟಿಯಿಲ್ಲದೆ ಬರುತ್ತಿದ್ದವು. ಬರೀ ಕ್ಯಾಬಿನ್ನು, ಚಾಸಿ. ಅದಕ್ಕೆ ಸುಂಕ ಕಡಿಮೆ. ಹಡಗು ಇಳಿದ ಮೇಲೆ ತೊಟ್ಟಿ ಕೂರಿಸುತ್ತಿದ್ದರು. ಸುಬಾರು ಕಂಪನಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1978ರಲ್ಲಿ ಬಂದ ಅವರ ಬ್ರ್ಯಾಟ್ ಎಂಬ ಗಾಡಿಯಲ್ಲಿ ತೊಟ್ಟಿಯೊಳಗೆ, ಹಿಂದಕ್ಕೆ ಮುಖ ಮಾಡಿದ ಎರಡು ಪ್ಲಾಸ್ಟಿಕ್ ಸೀಟು ಬೆಸುಗೆ ಹಾಕಿಟ್ಟರು. ಸೀಟಿದೆ, ಆದ್ದರಿಂದ ಇದು ಪ್ರಯಾಣಿಕರ ವಾಹನ, ಟ್ರಕ್ಕಲ್ಲ! ಮುಂದೆ ಅಧ್ಯಕ್ಷರಾದ ರೇಗನ್ ತಮ್ಮ ತೋಟದಲ್ಲಿ ಇದೇ ಗಾಡಿ ಓಡಿಸುತ್ತಿದ್ದರು. ತೊಟ್ಟಿಯಲ್ಲಿ ಗಾಳಿ ತಿನ್ನುತ್ತ ಹಿಂದೆ ಹೋಗುವ ರಸ್ತೆ ನೋಡುವ ಸುಖವನ್ನು ತೆರಿಗೆ ಇಲಾಖೆಯ ಕಣ್ಣು ತಪ್ಪಿಸಲು ಕಂಡುಹಿಡಿಯಬೇಕಾಯಿತೇ? ನಮ್ಮಲ್ಲಿ ದಿಬ್ಬಣಕ್ಕೆ ಹೋದವರೆಲ್ಲ ಪುಕ್ಕಟೆ ಅನುಭವಿಸಿದ್ದಾರೆ.

ಚಾಸಿ ಬೇರೆ, ತೊಟ್ಟಿ ಬೇರೆ ಅನ್ನುವ ಮಾತು ಬಂದದ್ದೇ ಅಪ್ಪಯ್ಯನಿಗೆ ಹುರುಪು ಹತ್ತಿತು. ನಮ್ಮ ಕಡೆ ಲಾರಿ ಅಂದರೆ ಹಾಗೇ ಅಲ್ಲವೇ? ಕಂಪನಿಯಿಂದ ಬರುವುದು ಎಂಜಿನ್ನು, ಚಾಸಿ, ಚಕ್ರ. ಉಳಿದದ್ದು ಬಾಡಿ ಕಟ್ಟುವವನ ಕೈಯಲ್ಲಿ. ಮರ ಯಾವುದು, ಅಡ್ಡಪಟ್ಟಿ ಎಷ್ಟು, ನೆತ್ತಿಯ ಮೇಲೆ ಯಾವ ದೇವರು, ಹಿಂದೆ ಯಾವ ಸಾಲು, ಎಲ್ಲ ಮಾಲೀಕನ ಇಷ್ಟ. ತಮಿಳುನಾಡಿನ ನಾಮಕ್ಕಲ್ ಈ ಕೆಲಸಕ್ಕೇ ಹೆಸರಾದ ಊರು. ಮಿಲ್ಲಿನಿಂದ ಲಾರಿ ಬಾಡಿಗೆ ಮರ ಹೋಗುವಾಗ ಅಪ್ಪಯ್ಯ ಹಲಗೆ ಹಲಗೆ ಆರಿಸಿ ಕೊಡುತ್ತಿದ್ದರಂತೆ, ಗಂಟಿದ್ದದ್ದು ಅಡ್ಡಕ್ಕೆ ಬೇಡ ಅಂತ. "ಇದರ ತೊಟ್ಟಿಗೆ ನೀನೆಂತ ಮಾಡಿಸಿದ್ದೀಯ?" ಎಂದು ನನ್ನನ್ನು ಕೇಳಿದರು. ಏನೂ ಇಲ್ಲ. ಕೊಂಡ ಹಾಗೇ ಇದೆ. ಅವರ ಮುಖದಲ್ಲಿ ಮೂಡಿದ ಭಾವ, ಹೊಸ ಮನೆ ಕಟ್ಟಿ ಗೃಹಪ್ರವೇಶ ಮಾಡದವನನ್ನು ನೋಡಿದ ಹಾಗಿತ್ತು.

ತಮಾಷೆಯೆಂದರೆ, ಈ ಗಾಡಿಯ ತೊಟ್ಟಿಯನ್ನು ಕಂಪನಿಯವರೇ ಬೇಕೆಂದು ಅರ್ಧಕ್ಕೆ ಬಿಟ್ಟಿದ್ದಾರೆ. ಎರಡೂ ಪಕ್ಕದ ಗೋಡೆಯ ತಗಡಿನಲ್ಲಿ ನೆಟ್ಟಗೆ ಸೀಳುಗಳಂಥ ಕಾಲುವೆಗಳು. ಅವುಗಳಲ್ಲಿ ಟೂ ಬೈ ಫೋರ್ ಅಥವಾ ಟೂ ಬೈ ಸಿಕ್ಸ್ ಮರದ ತುಂಡನ್ನು ಇಳಿಸಿದರೆ ಅಡ್ಡಗೋಡೆ ತಯಾರು. ಬೋಲ್ಟು ಕೂರಿಸಲು ತಿರುಪಿನ ತೂತುಗಳು, ಹಗ್ಗ ಕಟ್ಟಲು ಬಳೆಗಳು, ದೀಪಕ್ಕೋ ಮತ್ತೊಂದಕ್ಕೋ ಎಳೆದುಕೊಳ್ಳಲೆಂದು ಹಿಂದುಗಡೆ ಹನ್ನೆರಡು ವೋಲ್ಟಿನ ವೈರು, ಬದಿಯಲ್ಲೊಂದು ಮುಚ್ಚಳವಿರುವ ಗೂಡು. ಗೋಡೆಗೆ ಚುಕ್ಕಿಚೌಕದ ಕೋಡು ಬೇರೆ. ಮೊಬೈಲು ತೋರಿಸಿದರೆ ಏನೇನು ಮಾಡಿಕೊಳ್ಳಬಹುದು ಅಂತ ಪಟ್ಟಿ ಕೊಡುತ್ತದೆ. "ಗಾಡಿ ಕೊಟ್ಟವರೇ ಹೋಂವರ್ಕೂ ಕೊಟ್ಟಿದ್ದಾರೆ, ನೀನು ಮೂರು ವರ್ಷದಿಂದ ಮಾಡ್ಲಿಲ್ಲ," ಅಂದರು ಅಪ್ಪಯ್ಯ. ಅಜ್ಜ ಬೇಲಿಯಾಚೆ ತಲೆ ಹಾಕಿದರು. ಅಷ್ಟರಲ್ಲಿ ಅವರಿಗೆ ಸೀನು ಹತ್ತಿ ಏಳೆಂಟು ಬಾರಿ ಸೀನಿ, ಕಣ್ಣೊರೆಸಿಕೊಂಡರು. ಮೇ ತಿಂಗಳು, ಗಾಳಿಯ ತುಂಬ ಮರಗಳ ಪರಾಗ. ಪಾಪ ಅಲರ್ಜಿ ಅಂದುಕೊಂಡು ನಮ್ಮವಳು ಒಂದು ಮಾತ್ರೆಯ ಹೆಸರನ್ನು ಚೀಟಿಯಲ್ಲಿ ಬರೆದು ಕೊಟ್ಟಳು.

ಶನಿವಾರ ಮೂವರೂ ಮರದಂಗಡಿಗೆ ಹೋದೆವು. ಟೂ ಬೈ ಫೋರ್ ರಾಶಿಯ ಮುಂದೆ ಅಪ್ಪಯ್ಯ ಒಂದನ್ನೆತ್ತಿ, ಸವರಿ, ಟೇಪು ಹಿಡಿದು, ಹೌಹಾರಿದರು. ಒಂದೂವರೆ ಇಂಚು, ಮೂರೂವರೆ ಇಂಚು.

"ಅರ್ಧರ್ಧ ಇಂಚು ಎಲ್ಲಿಗೆ ಹೋಯ್ತು?"

ಹಸಿ ಮರವನ್ನು ಎರಡು-ನಾಲ್ಕಕ್ಕೆ ಕೊಯ್ಯುತ್ತಾರೆ, ಒಣಗಿ ಕುಗ್ಗುತ್ತದೆ, ಉಜ್ಜುಗೊರಡು ಹೊಡೆದಾಗ ಇನ್ನಷ್ಟು ಹೋಗುತ್ತದೆ, ಹೆಸರು ಮಾತ್ರ ಹಳೆಯದೇ ಉಳಿದಿದೆ ಎಂದು ಅಜ್ಜ ವಿವರಿಸಿದರು, ನಾನು ದುಭಾಷಿ. ಅಪ್ಪಯ್ಯ ಕಿವಿಯ ಪೆನ್ಸಿಲ್ ಇಳಿಸಿದರು. ಎರಡು ನಾಲ್ಕಲಿ ಎಂಟು. ಒಂದೂವರೆ ಮೂರೂವರೆಲಿ ಐದೂ ಕಾಲು. "ರೂಪಾಯಿಗೆ ಹತ್ತೂವರೆ ಆಣೆ ಮರ! ಇಷ್ಟು ಕಡಿಮೆ ಕೊಟ್ಟಿದ್ದರೆ ನಮ್ಮ ಗಿರಾಕಿಗಳು ಮಿಲ್ಲಿಗೆ ಬೆಂಕಿ ಹಾಕುತ್ತಿದ್ದರು." ಸಾಮಿಲ್ಲಿನ ಲೆಕ್ಕದಲ್ಲಿ ದಿಮ್ಮಿಯ ಸುತ್ತಳತೆಯನ್ನು ನಾಲ್ಕರಲ್ಲಿ ಭಾಗಿಸಿದಾಗ ನಿಜವಾದ ಗಾತ್ರಕ್ಕಿಂತ ನೂರಕ್ಕೆ ಇಪ್ಪತ್ತೊಂದರಷ್ಟು ಕಡಿಮೆ ಬರುತ್ತದೆ, ಗರಗಸಕ್ಕೆ ಹೋಗುವ ಪಾಲನ್ನು ಗಿರಾಕಿಗೆ ಬಿಟ್ಟ ಹಾಗೆ. ಇಲ್ಲಿ ಗೊರಡು ತಿಂದದ್ದನ್ನೂ ಗಿರಾಕಿಯ ಲೆಕ್ಕಕ್ಕೇ ಬರೆಯುತ್ತಾರೆ ಎಂದು ಅವರ ತಕರಾರು. ಕೊಯ್ದದ್ದು ಎಷ್ಟೋ ಅಷ್ಟಕ್ಕೇ ದರ ಕಟ್ಟಿದ್ದಾರೆ, ಮೋಸವೇನಿಲ್ಲ ಎಂದು ನಾನು ಹೇಳಿದ್ದನ್ನು ಅವರು ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಎರಡು ಟೂ ಬೈ ಸಿಕ್ಸ್ ಹಲಗೆ, ಸಾಮಾನಿನ ಪೆಟ್ಟಿಗೆಗೆಂದು ಒಂದು ಮುಕ್ಕಾಲಿಂಚಿನ ಪ್ಲೈವುಡ್ ಶೀಟು ಕೊಂಡೆವು.

ಶೀಟು ಗುಡ್ಡೆಗಳ ಮೇಲೆ, ಅರ್ಧ ಬಾಗಿಲಿನ ಮೇಲೆ ಮಲಗಿತು. ತೊಟ್ಟಿಯಿಂದಾಚೆ ಮೂರೂವರೆ ಅಡಿ ಚಾಚಿಕೊಂಡಿತು. ಕೆಂಪು ಬಾವುಟ ಕಟ್ಟುವುದು ವಾಸಿ. ಅಂಗಡಿಯ ಬಾಗಿಲಲ್ಲಿ ಇಡುತ್ತಿದ್ದ ಪ್ಲಾಸ್ಟಿಕ್ ಬಾವುಟದ ಪೆಟ್ಟಿಗೆ ಖಾಲಿ. ಹುಡುಕಿದಾಗ ಕ್ಯಾಬಿನ್ನಿನ ಹಿಂದಿನ ಸೀಟಿನ ಕೆಳಗೆ ಒಂದು ಚೀಲ ಸಿಕ್ಕಿತು. ಹಿಂದಿನ ವಾರ ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ನಮ್ಮವಳಿಗೆ ಅರಿಶಿನ ಕುಂಕುಮದ ಜೊತೆ ಕೊಟ್ಟ ರವಿಕೆ ಕಣ, ಮಡಿಕೆ ಬಿಚ್ಚದ್ದು, ಕಡುಗೆಂಪು, ಜರಿ ಅಂಚು. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುತ್ತಾ ಅಮೆರಿಕದ ಅರ್ಧ ಕನ್ನಡಿಗರನ್ನು ಸುತ್ತಿಬಂದಿರಬಹುದಾದ ಆ ಕಣ ಅವತ್ತು ಪ್ಲೈವುಡ್ಡಿನ ತುದಿಗೆ ಕಟ್ಟಿಸಿಕೊಂಡು ಹೆದ್ದಾರಿಯಲ್ಲಿ ಜರಿ ಮಿಂಚಿಸುತ್ತ ಹಾರಿತು. ಹಿಂದಿನ ಕಾರಿನವರು ದೂರ ಕಾಯ್ದುಕೊಂಡರು. ಮನೆಗೆ ಬಂದಾಗ ಅಂಗಳದಲ್ಲಿ ಅಮ್ಮ ನಿಂತಿದ್ದಳು, ನಮ್ಮವಳೂ ನಿಂತಿದ್ದಳು. ಆ ಭಾಗವನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ಈಗ ಹಲಗೆ ಕೊಯ್ಯುವ ವಿಷಯ. ಅಳತೆ ತೆಗೆದದ್ದು ನಾನು, ನನ್ನ ಟೇಪಿನಿಂದ. ಕಾಲುವೆಯಿಂದ ಕಾಲುವೆಗೆ ಒಳ ಅಳತೆ ಹಿಡಿದು, ಹಲಗೆಯ ಮೇಲೆ ಗುರುತು ಹಾಕಿ, ಕೊಯ್ದು, ಇಳಿಸಿದೆ. ಇಳಿಯಿತು. ಎಷ್ಟು ಚೆನ್ನಾಗಿ ಇಳಿಯಿತೆಂದರೆ ನಾನು ಕೈ ಕಟ್ಟಿ ನಿಂತು ಫೋಟೋ ತೆಗೆಸಿಕೊಂಡೆ. ಸಂಜೆ ಹಾಲು ತರಲು ಹೋದಾಗ ಮೊದಲ ತಿರುವಿನಲ್ಲೇ ಹಿಂದಿನಿಂದ ಶುರುವಾಯಿತು. ಗಡ. ಗಡಗಡ. ಗಡಗಡಗಡ. ಕೆಂಪು ದೀಪದಲ್ಲಿ ನಿಂತರೆ ಮೌನ, ಹೊರಟರೆ ಗಡಗಡ.

ಮರುದಿನ ಮುದುಕರಿಬ್ಬರ ತನಿಖೆ. ನಾನು ಬೀದಿಯಲ್ಲಿ ಆಮೆಯ ವೇಗದಲ್ಲಿ ಗಾಡಿ ಓಡಿಸಬೇಕು, ಎಡಗಡೆ ಅಪ್ಪಯ್ಯ, ಬಲಗಡೆ ಅಜ್ಜ, ತೊಟ್ಟಿಗೆ ಕಿವಿ ಕೊಟ್ಟು ನಡೆಯಬೇಕು. ಬೀದಿಯ ತುದಿಯವರೆಗೆ ಹೋಗಿ, ತಿರುಗಿ, ವಾಪಸ್ಸು. ನಾಯಿ ಓಡಾಡಿಸಲು ಬಂದವರು ನಿಂತು ನೋಡಿದರು. ಏನೋ ಶವಯಾತ್ರೆಯ ಗತ್ತಿತ್ತು ಅದಕ್ಕೆ.

ಅಜ್ಜ ನನ್ನ ಟೇಪು ಕೇಳಿದರು. ತುದಿಯ ಕೊಕ್ಕೆಯನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿದರು. ಅಲ್ಲಾಡಲಿಲ್ಲ. ಅವರು ನನ್ನ ಮುಖ ನೋಡಿದರು. ಒಪ್ಪಿಕೊಂಡೆ: ಟೇಪು ಕೊಂಡ ಹೊಸತರಲ್ಲಿ ಕೊಕ್ಕೆ ಸಡಿಲವಿತ್ತು, ತಯಾರಿಕೆಯ ದೋಷವೆಂದು ನಾನೇ ಸುತ್ತಿಗೆಯಲ್ಲಿ ರಿವೆಟ್ಟುಗಳಿಗೆ ಎರಡು ಬಾರಿಸಿ ಭದ್ರ ಮಾಡಿದ್ದೆ. ಅಜ್ಜ ಅರ್ಧ ನಿಮಿಷ ಆಕಾಶ ನೋಡಿದರು. ಆಮೇಲೆ ತಮ್ಮ ಟೇಪು ತಂದು ತೋರಿಸಿದರು. ಕೊಕ್ಕೆ ಸಡಿಲವಿರುವುದು ಬೇಕೆಂದೇ, ಸರಿಯಾಗಿ ತನ್ನ ದಪ್ಪದಷ್ಟೇ. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದಾಗ ಅದು ಹೊರಕ್ಕೆ ಸರಿಯುತ್ತದೆ, ಆಗ ಸೊನ್ನೆ ಕೊಕ್ಕೆಯ ಒಳಮೈಯಲ್ಲಿ. ಗೋಡೆಗೆ ಒತ್ತಿದಾಗ ಒಳಕ್ಕೆ ಸರಿಯುತ್ತದೆ, ಆಗ ಸೊನ್ನೆ ಹೊರಮೈಯಲ್ಲಿ. ಹೀಗೆ ಎರಡೂ ಕಡೆ ಲೆಕ್ಕ ಸರಿ. ಭದ್ರ ಮಾಡಿದರೆ ಒಂದರಲ್ಲಿ ತಪ್ಪಲೇಬೇಕು. ನಾನು ಒಳಗಿನ ಅಳತೆ ಹಿಡಿದು ಹಲಗೆಗೆ ಸಿಕ್ಕಿಸಿ ಗುರುತು ಹಾಕಿದ್ದೆನಲ್ಲ, ಕೊಕ್ಕೆಯ ದಪ್ಪದಷ್ಟು ಹಲಗೆ ಗಿಡ್ಡವಾಗಿತ್ತು. ಇಂಚಿನ ಹದಿನಾರನೆಯ ಒಂದು ಪಾಲು.

"ಅರ್ಧ ನೂಲು," ಅಂದರು ಅಪ್ಪಯ್ಯ. ಆದರೆ ಒಪ್ಪಲಿಲ್ಲ. "ಅರ್ಧ ನೂಲಿಗೆ ಇಷ್ಟು ಸದ್ದು ಬರಲ್ಲ ಯಜಮಾನ್ರೇ. ಇದು ಹಸಿ ಮರ." ಹಲಗೆಯನ್ನು ಎತ್ತಿ ತೂಗಿದರು, ಮೂಸಿದರು, ಉಗುರಿನಲ್ಲಿ ಗೀರಿದರು. ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದಿಲ್ಲ, ದಪ್ಪಕ್ಕೂ ಅಗಲಕ್ಕೂ ಕುಗ್ಗುತ್ತದೆ. ಇಳಿಸುವಾಗ ಬಿಗಿಯಿದ್ದದ್ದು ಬಿಸಿಲಲ್ಲಿ ನಿಂತ ಮೇಲೆ ಕಾಲುವೆಯಲ್ಲಿ ಹಿಂದೆ ಮುಂದೆ ಆಡುತ್ತದೆ, ಸದ್ದು ಅದರದ್ದು. ಅಜ್ಜ ಹಲಗೆಯ ಮೇಲಿನ ಮುದ್ರೆಗೆ ಕನ್ನಡಕ ಹಿಡಿದು ಓದಿದರು. ಹಸಿಯಾಗಿರುವಾಗಲೇ ಗೊರಡು ಹೊಡೆದದ್ದು ಅಂತ ಮುದ್ರೆಯೇ ಹೇಳುತ್ತಿತ್ತು, ಅಂದರೆ ತೇವ ನೂರಕ್ಕೆ 19ಕ್ಕಿಂತ ಹೆಚ್ಚು. ಅಜ್ಜನ ಪ್ರಕಾರ ಹಲಗೆ ಎಡಬಲಕ್ಕೆ ಬಡಿಯುತ್ತಿತ್ತು, ಅಪ್ಪಯ್ಯನ ಪ್ರಕಾರ ಹಿಂದೆಮುಂದೆ. ಮತ್ತೆ ಎರಡು ಸುತ್ತು ಶವಯಾತ್ರೆ. ತೀರ್ಮಾನವಾಗಲಿಲ್ಲ, ಇವತ್ತಿಗೂ ಆಗಿಲ್ಲ.

ಎರಡನೇ ಹಲಗೆಗೆ ಟೇಪನ್ನೇ ಮುಟ್ಟಲಿಲ್ಲ. ಅಜ್ಜ ಎರಡು ತೆಳುವಾದ ಪಟ್ಟಿ ತಂದರು. ಒಂದರ ತುದಿ ಎಡ ಕಾಲುವೆಗೆ, ಇನ್ನೊಂದರ ತುದಿ ಬಲ ಕಾಲುವೆಗೆ ಒತ್ತಿ, ನಡುವೆ ಒಂದರ ಮೇಲೊಂದು ಬಂದಲ್ಲಿ ಬಿಗಿಯಾಗಿ ಹಿಡಿದು ಗೀಟು ಹಾಕಿದರು. ಪಟ್ಟಿಗಳನ್ನು ಹೊರತೆಗೆದು ಗೀಟು ಕೂಡಿಸಿ ಹಲಗೆಯ ಮೇಲಿಟ್ಟರೆ ಅದೇ ಉದ್ದ. ಅಂಕಿಯೇ ಇಲ್ಲ, ತಪ್ಪಿ ಓದುವ ಪ್ರಶ್ನೆಯೂ ಇಲ್ಲ. ಅಪ್ಪಯ್ಯನಿಗೆ ಇದು ಹೊಸತಲ್ಲ. ನಮ್ಮ ಕಡೆಯ ಬಡಗಿಗಳೂ ಬಾಗಿಲಿನ ಚೌಕಟ್ಟಿಗೆ ಹೀಗೇ ಕಡ್ಡಿ ಹಿಡಿಯುತ್ತಿದ್ದರಂತೆ. ಹಲಗೆಯ ಎರಡೂ ತುದಿಗೆ ಅಪ್ಪಯ್ಯ ನನ್ನ ಮಗಳ ಹಳೆಯ ಸೈಕಲ್ಲಿನ ಟ್ಯೂಬು ಕತ್ತರಿಸಿ, ಟೋಪಿಯ ಹಾಗೆ ತೊಡಿಸಿ, ಸಣ್ಣ ಮೊಳೆ ಹೊಡೆದರು. ಮೊದಲನೆಯದಕ್ಕೂ ತೊಡಿಸಿದರು. ಕಾಲುವೆಗೆ ಇಳಿಸುವಾಗ ರಬ್ಬರು ಕಿರ್ರೆಂದಿತು. ಆಮೇಲೆ ಗಡಗಡ ನಿಂತಿತು. ಕೊಕ್ಕೆಯ ವಾದವನ್ನೂ ಹಸಿಮರದ ವಾದವನ್ನೂ ಒಂದು ತುಂಡು ಟ್ಯೂಬು ಮುಚ್ಚಿಹಾಕಿತು.

ಪ್ಲೈವುಡ್ ಪೆಟ್ಟಿಗೆ, ದೀಪ, ಇವೆಲ್ಲ ಒಂದೆರಡು ವಾರಾಂತ್ಯದ ಕೆಲಸ. ಹೇಳುವಂಥದ್ದಿಲ್ಲ. ಮಣ್ಣು ತಂದ ಕಥೆ ಮಾತ್ರ ಹೇಳಬೇಕು. ಅಮ್ಮನಿಗೆ ಬಸಳೆ, ಹೀರೆ ಹಾಕಲು ಮಣ್ಣು ಬೇಕಿತ್ತು. ಇಲ್ಲಿ ಮಣ್ಣನ್ನು ಗಜದ ಲೆಕ್ಕದಲ್ಲಿ ಮಾರುತ್ತಾರೆ, ಘನ ಗಜ, 27 ಸಿಎಫ್‌ಟಿ. ನಮ್ಮ ತೊಟ್ಟಿಯಲ್ಲಿ ಹಿಡಿಯುವುದು 33 ಸಿಎಫ್‌ಟಿ. ಸರಿ ಅಂತ ನಾನು ಒಂದು ಗಜಕ್ಕೆ ದುಡ್ಡು ಕಟ್ಟಿ ಬಂದೆ. ಯಂತ್ರದ ಬಕೆಟ್ಟು ಮಣ್ಣು ತುಂಬಿಕೊಂಡು ತೊಟ್ಟಿಯ ನೆತ್ತಿಗೆ ಬಂದಾಗ ಅಪ್ಪಯ್ಯ ಟ್ರಾಫಿಕ್ ಪೊಲೀಸರ ಹಾಗೆ ಕೈ ಎತ್ತಿ ನಿಂತುಬಿಟ್ಟರು. "ಮಣ್ಣು ಸಿಎಫ್‌ಟಿಗೆ ಮೂವತ್ತೈದು ಕೆಜಿ ಬರುತ್ತೆ ಮಾರಾಯ. ಒಂಬೈನೂರು ದಾಟ್ತು!" ಗಾಡಿ ತಾಳುವುದು 1500 ಪೌಂಡು, 680 ಕೆಜಿ, ಅದೂ ಪುಸ್ತಿಕೆಯಲ್ಲಿ. ಬಾಗಿಲಿನ ಸಂದಿಯಲ್ಲಿ ಅಂಟಿಸಿದ ಹಳದಿ ಚೀಟಿ ಓದಿದರೆ ನಮ್ಮ ಗಾಡಿಗೆ ಇನ್ನೂ ಒಂದಿಷ್ಟು ಕಡಿಮೆ. ಅದರಲ್ಲೂ ಒಳಗೆ ಕೂತ ನಮ್ಮ ಭಾರವನ್ನು ಕಳೆಯಬೇಕು. ತೊಟ್ಟಿ ಹಿಡಿಸುತ್ತದೆ, ಸ್ಪ್ರಿಂಗು ತಡೆಯುವುದಿಲ್ಲ. ಅರ್ಧ ಗಜ ತಂದೆವು. ಉಳಿದರ್ಧಕ್ಕೆ ಮತ್ತೆ ಹೋಗುವಾಗ ನನ್ನನ್ನು ಬಿಟ್ಟು ಅಜ್ಜನನ್ನು ಕರೆದುಕೊಂಡು ಹೋಗಲೇ ಎಂದು ಅಪ್ಪಯ್ಯ ಕೇಳಿದರು. ಅವರು ನನಗಿಂತ ಇಪ್ಪತ್ತು ಕೆಜಿ ಹಗುರವಂತೆ.

ಸೆಪ್ಟೆಂಬರಿನಲ್ಲಿ ಗಣೇಶನ ಹಬ್ಬ. ಈ ದೇಶದಲ್ಲಿ ಟ್ರಕ್ಕಿದ್ದವನಿಗೆ ಮಿತ್ರರು ಹೆಚ್ಚು. ಕನ್ನಡ ಕೂಟದಲ್ಲಿ ಟ್ರಕ್ಕಿದ್ದವನು ನಾನೊಬ್ಬನೇ. ಮಂಟಪ, ಬಾಳೆಕಂಬ, ಮೈಕು, ನೂರೈವತ್ತು ಜನರ ಊಟ, ಎಲ್ಲಕ್ಕೂ ಒಂದೇ ಮಾತು: 'ನಿಮ್ಮ ಟ್ರಕ್ ಇದೆಯಲ್ಲ.' ಹಿಂದಿನ ವರ್ಷ ಹುಳಿಯ ಪಾತ್ರೆ ಮೊದಲ ಬ್ರೇಕಿಗೇ ಜಾರಿ, ಬೇಳೆ ತರಕಾರಿಯೆಲ್ಲ ತೊಟ್ಟಿಯ ಮೂಲೆಗೆ ಹೋಗಿ, ಪಾತ್ರೆಯಲ್ಲಿ ತಿಳಿ ಮಾತ್ರ ಉಳಿದಿತ್ತು. ಅದನ್ನೇ ಸಾರು ಅಂತ ಬಡಿಸಿದ್ದೆವು. ಈ ಸಲ ಎರಡು ಹಲಗೆಗಳ ನಡುವೆ ಹುಳಿಯ ಪಾತ್ರೆಯನ್ನು ಕೂರಿಸಿ, ಪಕ್ಕದ ಸಂದಿಗೆ ಅಕ್ಕಿ ಮೂಟೆ ತುರುಕಿ, ಬಳೆಗಳಿಗೆ ಹಗ್ಗ ಎಳೆದು ಕಟ್ಟಿದೆವು. ಒಂದು ತೊಟ್ಟು ಚೆಲ್ಲಲಿಲ್ಲ. ಹಲಗೆಗಳು ಉಸಿರೆತ್ತಲಿಲ್ಲ.

ಆದರೆ ಗಡಗಡ ನಿಂತ ಮೇಲೆ ಅದರ ಕೆಳಗೆ ಇಷ್ಟು ದಿನ ಮುಚ್ಚಿಹೋಗಿದ್ದ ಇನ್ನೊಂದು ಸದ್ದು ಕೇಳತೊಡಗಿತ್ತು. ಸಣ್ಣದು. ಟಿಕ್. ತಿರುವಿನಲ್ಲಿ ಟಿಕ್‌ಟಿಕ್. ವಿಸರ್ಜನೆ ಮುಗಿಸಿ ಖಾಲಿ ತೊಟ್ಟಿಯಲ್ಲಿ ಮನೆಗೆ ಬರುವಾಗ ತಡೆಯಲಾಗಲಿಲ್ಲ. ಅಂಗಳದಲ್ಲಿ ನಿಲ್ಲಿಸಿ ತೊಟ್ಟಿ ಹತ್ತಿದೆ. ಬೋಲ್ಟು ಮುಟ್ಟಿದೆ, ಬಳೆ ಮುಟ್ಟಿದೆ, ದೀಪದ ಕ್ಲಿಪ್ಪು ಎಳೆದು ನೋಡಿದೆ. ಎಲ್ಲ ಬಿಗಿ. ಅಪ್ಪಯ್ಯ ಕೆಳಗೆ ನಿಂತು, "ಬಿಡು ಮಾರಾಯ, ಗಾಡಿ ಅಂದ ಮೇಲೆ ಸದ್ದು ಬರ್ತದೆ," ಅಂದರು. ಸದ್ದನ್ನು ಹಾಗೆಲ್ಲ ಬಿಡುವವರಲ್ಲ ಅವರು. ಬದಿಯ ಗೂಡಿನ ಮುಚ್ಚಳ ತೆಗೆದೆ. ಎರಡಿಂಚಿನ ಒಂದು ತಗಡಿನ ಡಬ್ಬಿ, ಮೈಮೇಲೆ ಪೆನ್ಸಿಲ್ಲಿನ ಕರೆ, ಶಿವಮೊಗ್ಗದ್ದು. ಮುಚ್ಚಳ ತಿರುಗಿಸಿದೆ. ಘಾಟು ಮೂಗಿಗೆ ಹೊಡೆಯಿತು.

ನಾನು ಅಪ್ಪಯ್ಯನ ಕಡೆ ನೋಡಿದೆ. ಅಪ್ಪಯ್ಯ ಬೇಲಿಯ ಕಡೆ ನೋಡಿದರು. ಬೇಲಿಯಾಚೆ ಅಜ್ಜ ಗುಲಾಬಿ ಗಿಡಕ್ಕೆ ನೀರು ಬಿಡುತ್ತಿದ್ದವರು, ಇತ್ತ ನೋಡದೆಯೇ ಒಮ್ಮೆ ಸೀನಿದರು, ಇನ್ನೊಮ್ಮೆ ಸೀನಿದರು.

ಅಡುಗೆಮನೆಯ ಕಿಟಕಿಯಿಂದ ಅಮ್ಮನ ದನಿ ಬಂತು. "ಪಾಪ, ಆ ಅಜ್ಜನಿಗೆ ಇನ್ನೂ ಅಲರ್ಜಿ ಹೋಗ್ಲಿಲ್ಲವಾ?"

"ಇಲ್ಲ ಮಾರಾಯ್ತಿ, ಎಂತ ಮಾಡದು," ಎಂದು ಕೂಗಿ ಹೇಳಿದ ಅಪ್ಪಯ್ಯ, ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಜೇಬಿನಿಂದ ಸೈಕಲ್ ಟ್ಯೂಬಿನ ಒಂದು ತುಂಡು ಹೊರಬಂತು. ಅದನ್ನು ಡಬ್ಬಿಗೆ ಒಂದು ಸುತ್ತು ಬಿಗಿಯಾಗಿ ಸುತ್ತಿ, ಗೂಡಿನಲ್ಲಿಟ್ಟು, ಬೆರಳಿನಿಂದ ತಟ್ಟಿ ಅಲ್ಲಾಡುವುದಿಲ್ಲವೆಂದು ನೋಡಿ, ಮುಚ್ಚಳ ಹಾಕಿದರು.